ಒಂದು ಸಲ ಅಲ್ಲ, ಮೂರು ಸಲ

“ನಾನೇ ಸ್ವಾಮಿ ಕೀ ತಿರುಗಿಸಿದ್ದು. ಒಂದು ಸಲ ಅಲ್ಲ, ಮೂರು ಸಲ.”

ಗುರುವಾರ ವರ್ಕ್‌ಶಾಪಿನಲ್ಲಿ ಇನ್ಶೂರೆನ್ಸ್ ಸರ್ವೇಯರ್ ಮುಂದೆ ನಿಂತು ಅಪ್ಪ ಹೇಳಿದ ಮಾತು ಇದು. ಮೂರು ದಿನ ಆಯ್ತು. ಪಾತ್ರೆ ತೊಳೆಯುವಾಗಲೂ ಬಸ್ಸಿಗೆ ಕಾಯುವಾಗಲೂ ಅದೇ ಕಿವಿಯಲ್ಲಿ.

ನಾವಿರುವುದು ಬೆಂಗಳೂರಿನ ಹೊರಮಾವು ಕಡೆ, ರಸ್ತೆಗಿಂತ ತಗ್ಗಿನಲ್ಲಿರುವ ಲೇಔಟಿನಲ್ಲಿ. ಕಳೆದ ಭಾನುವಾರ ರಾತ್ರಿ ಸುರಿದ ಮಳೆಗೆ ನಮ್ಮ ಬೇಸ್‌ಮೆಂಟ್ ತುಂಬಿತು. ಎರಡು ಗಂಟೆಗೆ ವಾಚ್‌ಮನ್ ಬಾಗಿಲು ಬಡಿದ. ರಾಯಚೂರು ಕಡೆಯ ಹುಡುಗ. “ಮೇಡಂ, ನೀರು ಬಂದೈತ್ರಿ, ಲಗೂನ ಗಾಡಿ ತೆಗೀರಿ” ಅಂದ. ಕೀ ಹುಡುಕಿ ಇಳಿಯುವ ಹೊತ್ತಿಗೆ ರ‍್ಯಾಂಪಿನ ಕೆಳಗೆ ನೀರು ಮೊಣಕಾಲು ದಾಟಿತ್ತು. ಮುಂದೆ ಹೋಗಲು ಅವನು ಬಿಡಲಿಲ್ಲ. “ಕರೆಂಟ್ ಐತ್ರಿ ಕೆಳಗ, ಗಾಡಿ ಹೋದ್ರ ಹೋಗ್ಲಿ” ಅಂದ. ಅಷ್ಟರಲ್ಲಿ ಅವನು ಒಬ್ಬನೇ ಏಳು ಬೈಕುಗಳನ್ನು ಮೇಲೆ ತಳ್ಳಿಟ್ಟಿದ್ದ. ಅವನ ಸಂಬಳ ಜಾಸ್ತಿ ಮಾಡಬೇಕು ಅಂತ ಅಸೋಸಿಯೇಷನ್ನಿನಲ್ಲಿ ಕೇಳಿಯೇ ಕೇಳುತ್ತೇನೆ.

ಮೋಟಾರ್ ಹಚ್ಚಿ ನೀರು ಹೊರಹಾಕುವಷ್ಟರಲ್ಲಿ ಮಂಗಳವಾರ ಬೆಳಗಾಯಿತು. ಕಾರಿನ ಬಾನೆಟ್ ಮೇಲೆ ಕೆಸರಿನ ಗೆರೆ. ಒಳಗೆ ಸೀಟು ಹಿಂಡಿದರೆ ಕಂದು ನೀರು. ಎಂಟು ವರ್ಷದ ಪೆಟ್ರೋಲ್ ಗಾಡಿ, ಸಾಲ ಮುಗಿದು ಎರಡೇ ವರ್ಷ. ವರ್ಕ್‌ಶಾಪಿಗೆ ಫೋನ್ ಮಾಡಿದಾಗ ಅವರು ಮೊದಲು ಹೇಳಿದ್ದೇ, “ಸ್ಟಾರ್ಟ್ ಮಾಡ್ಬೇಡಿ, ಬ್ಯಾಟರಿ ಮೈನಸ್ ವೈರ್ ಬಿಚ್ಚಿಡಿ, ಎತ್ತಿಕೊಂಡು ಹೋಗೋ ಗಾಡಿ ಕಳಿಸ್ತೀವಿ.” ವೈರ್ ಬಿಚ್ಚಲು ನನಗೆ ಸ್ಪ್ಯಾನರ್ ಸಿಗಲಿಲ್ಲ. ಕುಡಿಯುವ ನೀರಿನ ಕ್ಯಾನ್ ತರಲು ಹೊರಟೆ. ಫೋನಿನಲ್ಲಿ ಅವರು ಹೇಳಿದ್ದನ್ನು ಅಪ್ಪನಿಗೆ ತಿಳಿಸಲಿಲ್ಲ. ತಿಳಿಸಬೇಕು ಅಂತ ಹೊಳೆಯಲೇ ಇಲ್ಲ.

ಅಪ್ಪ ತಿಪಟೂರು ಕಡೆಯ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವರು. ಮೂವತ್ತು ವರ್ಷ ಚೇತಕ್ ಓಡಿಸಿದ್ದಾರೆ. ಮಳೆಯಲ್ಲಿ ಸ್ಕೂಟರ್ ನಿಂತರೆ ಪ್ಲಗ್ ಬಿಚ್ಚಿ ಬಟ್ಟೆಯಲ್ಲಿ ಒರೆಸುವುದು, ಗಾಡಿಯನ್ನು ಒಂದು ಕಡೆ ವಾಲಿಸುವುದು, ಆಮೇಲೆ ಕಿಕ್ ಹೊಡೆಯುವುದು. ಮಗಳು ಬರುವಷ್ಟರಲ್ಲಿ ಗಾಡಿ ರೆಡಿ ಮಾಡಿಬಿಡೋಣ ಅಂತ ಕೀ ತೆಗೆದುಕೊಂಡು ಕೆಳಗಿಳಿದಿದ್ದಾರೆ. ಮೊದಲ ಸಲ ಬರೀ ಟಿಕ್ ಟಿಕ್ ಅಂದಿದೆ. ಎರಡನೇ ಸಲ ಗರ‍್ರ್ ಅಂತ ಒಂದು ಸುತ್ತು ತಿರುಗಿದೆ. ಮೂರನೇ ಸಲ ಟಣ್ ಅಂತ ಕಬ್ಬಿಣ ಬಡಿದ ಸದ್ದು. ಆ ಸದ್ದು ನಾನು ಗೇಟಿನಲ್ಲೇ ಕೇಳಿದೆ.

“ಏನಪ್ಪಾ ಮಾಡಿದ್ರಿ ನೀವು!” ಅಂತ ಕೂಗಿಬಿಟ್ಟೆ. ಸುತ್ತ ಏಳೆಂಟು ಜನ ಇದ್ದರು. ಮೇಲಿನ ಮನೆಯವರು, “ಅಂಕಲ್, ಯೂಟ್ಯೂಬ್ ತುಂಬಾ ಇದೇ ಇದೆಯಲ್ಲ, ನೋಡಿಲ್ವಾ?” ಅಂದರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಎಪ್ಪತ್ತೆರಡು ವರ್ಷದ ಮನುಷ್ಯ ಪಂಚೆ ಮೇಲೆ ಕಟ್ಟಿ ಕೆಸರಿನಲ್ಲಿ ನಿಂತಿದ್ದಾರೆ. ಅವರಿಗೆ ಹೇಳುವ ಮಾತಾ ಅದು? ಆದರೆ ಮೊದಲು ಕೂಗಿದ್ದು ನಾನು.

ಏನಾಗಿದೆ ಅಂತ ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್ ಅಪ್ಪನಿಗೇ ಕೂತು ವಿವರಿಸಿದರು. ಅವರ ತಾಳ್ಮೆಗೆ ಕೈ ಮುಗಿಯಬೇಕು. ಏರ್ ಫಿಲ್ಟರ್ ತೆಗೆದು ಹಿಂಡಿದರು, ನೀರು ಸುರಿಯಿತು. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ತೋರಿಸಿದರು. ನೀರು ಬೆರೆತು ಆಯಿಲ್ ಹಾಲು ಜಾಸ್ತಿಯಾದ ಕಾಫಿ ಬಣ್ಣಕ್ಕೆ ತಿರುಗಿತ್ತು. “ಮೇಷ್ಟ್ರೇ, ಪಿಸ್ಟನ್ ಗಾಳಿಯನ್ನ ಅದುಮುತ್ತೆ. ಗಾಳಿ ಅದುಮಿದ್ರೆ ಕುಗ್ಗುತ್ತೆ, ನೀರು ಕುಗ್ಗಲ್ಲ. ಪಿಸ್ಟನ್ ಮೇಲೆ ಹೋಗೋಕೆ ಜಾಗ ಇರಲ್ಲ, ಕೆಳಗಿನಿಂದ ಕ್ರ್ಯಾಂಕ್ ತಳ್ತಾ ಇರುತ್ತೆ. ನಡುವೆ ಸಿಕ್ಕಿಕೊಂಡ ಕನೆಕ್ಟಿಂಗ್ ರಾಡ್ ಬಗ್ಗುತ್ತೆ.” ಅಪ್ಪ ಒಳ್ಳೆ ವಿದ್ಯಾರ್ಥಿಯಂತೆ ತಲೆಯಾಡಿಸಿದರು. “ತಿರುಗಿಸದೆ ಇದ್ದಿದ್ರೆ?” ಅಂತ ಕೇಳಿದರು. “ಪ್ಲಗ್ ಬಿಚ್ಚಿ ನೀರು ಹೊರಗೆ ಹಾಕಿ, ಆಯಿಲ್ ಬದಲಾಯಿಸಿದ್ರೆ ಉಳ್ಕೊಳ್ತಿತ್ತೇನೋ” ಅಂದರು ಅವರು. ಅಪ್ಪ ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ.

ಸರ್ವೇಯರ್ ಬರುವ ಮುಂಚೆ ಅಲ್ಲಿನ ಸರ್ವಿಸ್ ಅಡ್ವೈಸರ್ ನನ್ನನ್ನು ಪಕ್ಕಕ್ಕೆ ಕರೆದ. “ಸ್ಟಾರ್ಟ್ ಮಾಡಿದ್ರಾ ಅಂತ ಕೇಳ್ತಾರೆ. ಇಲ್ಲ ಅನ್ನಿ, ಅಷ್ಟೇ.” ನಾನು ಹೂಂ ಅಂದೆ. ಪಕ್ಕದ ಬೆಂಚಿನಲ್ಲಿದ್ದ ಅಪ್ಪನಿಗೆ ಅದು ಕೇಳಿಸಿತ್ತು.

ಸರ್ವೇಯರ್ ಇನ್ನೂ ಚಿಕ್ಕ ವಯಸ್ಸಿನವರು. ಕೆಲಸ ಬಲ್ಲವರು. ಡ್ರೈವರ್ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದರು. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಗೀಟು ಹಾಕಿದ ಹಾಗೆ ಇತ್ತು. ಫೋಟೋ ತೆಗೆದುಕೊಂಡರು. ಕಾರ್ಪೆಟ್ ಎತ್ತಿ ಅಡಿಯ ಸ್ಪಂಜು ಒತ್ತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ನೀರು ಹೊಕ್ಕ ಮೇಲೆ ಸ್ಟಾರ್ಟ್ ಮಾಡಿದ್ರಾ ಮೇಡಂ?” ಅಂದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಎದ್ದು ನಿಂತಿದ್ದರು. “ನಾನೇ ಸ್ವಾಮಿ ಕೀ ತಿರುಗಿಸಿದ್ದು. ಒಂದು ಸಲ ಅಲ್ಲ, ಮೂರು ಸಲ.” ತಪ್ಪಾಯಿತು ಅನ್ನಲಿಲ್ಲ, ಗೊತ್ತಿರಲಿಲ್ಲ ಅನ್ನಲಿಲ್ಲ. ಹಾಜರಿ ಕೂಗಿದಾಗ ಹೇಳುವ ಹಾಗೆ ಹೇಳಿದರು. ಅಡ್ವೈಸರ್ ನೆಲ ನೋಡಿದ. ಸರ್ವೇಯರ್ ಬರೆಯುವುದನ್ನು ನಿಲ್ಲಿಸಿ ಒಂದು ಕ್ಷಣ ಅಪ್ಪನನ್ನು ನೋಡಿ, ಮತ್ತೆ ಬರೆದುಕೊಂಡರು.

ಪಾಲಿಸಿ ಲೆಕ್ಕದಲ್ಲಿ ಸೀಟು, ವೈರಿಂಗ್, ಕಾರ್ಪೆಟ್‌ಗೆ ಹಣ ಬರುತ್ತದೆ. ಅದರಲ್ಲೂ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ, ಬ್ಯಾಟರಿಗೆ 50% ಸವಕಳಿ ಕಳೆಯುತ್ತಾರೆ. ಇಂಜಿನ್ನಿಗೆ ಇಲ್ಲ. ಅದಕ್ಕೆ ಇಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಕಟ್ಟಿರಬೇಕು. ಹೋದ ವರ್ಷ ರಿನ್ಯೂವಲ್ ಮಾಡುವಾಗ ಅದರ ಮುಂದಿನ ಟಿಕ್ ತೆಗೆದವಳು ನಾನು. ತಗ್ಗಿನಲ್ಲಿ ಮನೆ ಇರುವವರು ದಯವಿಟ್ಟು ಇವತ್ತೇ ನಿಮ್ಮ ಪಾಲಿಸಿ ತೆಗೆದು ನೋಡಿ. ಮರುದಿನ ಇಂಜಿನ್ ಬಿಚ್ಚಿದಾಗ ರಾಡ್ ಬಗ್ಗಿರುವುದು ಕಣ್ಣಿಗೇ ಕಂಡಿತು. ನಾನು ಸುಳ್ಳು ಹೇಳಿದ್ದರೂ ಅದು ನಿಲ್ಲುತ್ತಿರಲಿಲ್ಲ. ಆದರೆ ಗುರುವಾರ ಅದು ಅಪ್ಪನಿಗೆ ಗೊತ್ತಿರಲಿಲ್ಲ.

2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ ಕಡೆ ಜನರನ್ನು ಟ್ರ್ಯಾಕ್ಟರ್ ಮೇಲೆ ಸಾಗಿಸುತ್ತಿದ್ದುದನ್ನು ಟಿವಿಯಲ್ಲಿ ನೋಡಿ ಅಯ್ಯೋ ಅಂದಿದ್ದೆವು. 2025ರ ಮೇನಲ್ಲಿ ನಮ್ಮ ಪಕ್ಕದ ಸಾಯಿ ಲೇಔಟೇ ಮುಳುಗಿತು. ಕೆರೆಯಿಂದ ಕೆರೆಗೆ ನೀರು ಹರಿಯುತ್ತಿದ್ದ ಕಾಲುವೆಗಳನ್ನು ಕಿರಿದು ಮಾಡುತ್ತಾ ಬಂದರೆ ನೀರು ಎಲ್ಲಿಗೆ ಹೋಗಬೇಕು? ಈ ವಾರ ನಾನು ಬಿಲ್ಡರ್‌ಗೆ ಫೋನ್ ಮಾಡಿದೆ, ಚರಂಡಿ ನೋಡಿಕೊಳ್ಳುವ ಆಫೀಸಿಗೆ ಹೋದೆ, ಅಸೋಸಿಯೇಷನ್ ಮೀಟಿಂಗಿನಲ್ಲಿ ಎರಡು ಗಂಟೆ ಕೂತೆ. ಬಿಲ್ಡರ್ ಆಫೀಸಿನ ಕಡೆ ಕೈ ತೋರಿಸಿದ. ಆಫೀಸಿನವರು ರೈಲ್ವೆ ಹಳಿಯ ಕಡೆ. ನಮ್ಮವರು ವಾಚ್‌ಮನ್ ತಡವಾಗಿ ಎಬ್ಬಿಸಿದ ಅಂದರು. ಆ ಹುಡುಗನ ಬಗ್ಗೆ! ಇಷ್ಟು ಜನರಲ್ಲಿ “ನಾನೇ” ಅನ್ನುವ ಮಾತು ಬಂದದ್ದು ಒಬ್ಬರೇ ಒಬ್ಬರ ಬಾಯಿಂದ.

ಅಪ್ಪನಿಗೆ ನಾನು ಇನ್ನೂ ಸಾರಿ ಕೇಳಿಲ್ಲ. ನಿನ್ನೆ ಸಂಜೆ ಮನೆಗೆ ಬಂದಾಗ ಅವರು ಬಾಲ್ಕನಿಯಲ್ಲಿ ಪೇಪರ್ ಹಾಸಿ ಕೂತಿದ್ದರು. ಡಿಕ್ಕಿಯಲ್ಲಿದ್ದ ಜ್ಯಾಕು, ವೀಲ್ ಸ್ಪ್ಯಾನರ್, ಟೋ ಹುಕ್ ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದರು. ಊರಿಂದ ತಂದ ಕೊಬ್ಬರಿ ಎಣ್ಣೆಯನ್ನು ಹಳೇ ಬನಿಯನ್ ಚೂರಿನಲ್ಲಿ ಅದ್ದಿ ಸವರುತ್ತಿದ್ದರು. “ತುಕ್ಕು ಬೇಗ ಹಿಡಿಯುತ್ತೆ ಕಣಮ್ಮ” ಅಂದರು. ನಾನು ಬ್ಯಾಗ್ ಇಳಿಸಿ ಪಕ್ಕದಲ್ಲಿ ಕೂತೆ. ಅವರು ಬಟ್ಟೆ ಹರಿದು ಒಂದು ಚೂರು ನನ್ನ ಕೈಗೆ ಕೊಟ್ಟರು.