‘ಇಷ್ಟ ಚಲೋ ಸೀರಿಗೆ ಕತ್ತರಿ ಹಾಕಾಕ ಮನಸ್ಸರ ಹೆಂಗ ಬರ್ತೈತ್ರಿ?’

ನಾನು ಕೌದಿ ಹೊಲಿಯುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. ಎಷ್ಟು ದಿನ ಹಿಡಿಯುತ್ತದೆ, ಎಷ್ಟು ರೊಕ್ಕ, ಅವೆಲ್ಲ ಆಮೇಲೆ. ಮೊದಲು ಬರುವುದು ಇದು: “ತೀರಿಕೊಂಡವರ ನೆನಪಿನ ಸೀರಿ. ಇಷ್ಟ ಚಲೋ ಸೀರಿಗೆ ಕತ್ತರಿ ಹಾಕಾಕ ಮನಸ್ಸರ ಹೆಂಗ ಬರ್ತೈತ್ರಿ ನಿಮಗ?” ಮದುವೆ ಮನೆಯಲ್ಲಿ ಕೇಳಿದ್ದಾರೆ. ಹುಬ್ಬಳ್ಳಿ-ಧಾರವಾಡ ಬಸ್ಸಿನಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರು ನನ್ನ ಬಾಯಿ ತೆರೆಸಿಟ್ಟುಕೊಂಡೇ ಕೇಳಿದ್ದರು. ಪ್ರತಿ ಸಲ ಏನೋ ಒಂದು ಹೇಳಿ ಜಾರಿಕೊಂಡಿದ್ದೇನೆ. ಇವತ್ತು ಕೂತು ಪೂರ್ತಿ ಹೇಳಿಬಿಡುತ್ತೇನೆ.

ಕೌದಿ ಕಾಣದವರಿಗೆ ಒಂದು ಮಾತು. ಹಳೆ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ, ಕೈಯಿಂದ ಸಾಲು ಸಾಲಾಗಿ ಹೊಲಿದರೆ ಕೌದಿ. ಹಾಸಿಕೊಳ್ಳಲೂ ಆಗುತ್ತದೆ, ಹೊದ್ದುಕೊಳ್ಳಲೂ ಆಗುತ್ತದೆ. ನಮ್ಮ ಕಡೆ ಕೌದಿ ಇಲ್ಲದೆ ಬಾಣಂತನ ಆಗುತ್ತಿರಲಿಲ್ಲ.

ಈಗ ಉತ್ತರ. ನಾನು ಕತ್ತರಿಸುವುದಿಲ್ಲ. ಹರಿಯುತ್ತೇನೆ.

ಮಾತು ತಿರುಗಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ನವಲಗುಂದದ ಹತ್ತಿರದ ಊರಿನಲ್ಲಿ ನಮ್ಮ ಅಜ್ಜಿ ಕಲಿಸಿದ್ದೇ ಹಾಗೆ. ಹತ್ತಿ ಸೀರೆಯ ಅಂಚಿಗೆ ಒಂದು ಬೆರಳಿನಷ್ಟು ಕಚ್ಚು ಹಾಕಿ, ಎರಡೂ ಕೈಯಲ್ಲಿ ಹಿಡಿದು ಎಳೆದರೆ ಬಟ್ಟೆ ಎಳೆಯ ಗುಂಟ ತಾನೇ ನೆಟ್ಟಗೆ ಹರಿಯುತ್ತದೆ. ಕತ್ತರಿ ಹಿಡಿದರೆ ನನ್ನ ಕೈ ಸೊಟ್ಟ ಹೋಗುತ್ತದೆ. ತುಂಡು ಸೊಟ್ಟಾದರೆ ನಾಲ್ಕು ಸಲ ಒಗೆಯುವುದರೊಳಗೆ ಕೌದಿ ತಿರುಚಿಕೊಂಡು ಮುದುಡುತ್ತದೆ.

ಇಳಕಲ್ಲ ಸೀರೆಯಾದರೆ ಮಾತ್ರ ಎರಡು ಕಡೆ ಕತ್ತರಿ ಬೇಕೇ ಬೇಕು. ಒಂದು, ದಡಿ. ಅಲ್ಲಿ ನೇಯ್ಗೆ ಬಿಗಿ. ಜೋರು ಮಾಡಿದರೆ ದಡಿ ಹಾಗೇ ಉಳಿದು ಪಕ್ಕದ ಬಟ್ಟೆ ಚಿಂದಿಯಾಗುತ್ತದೆ. ಇನ್ನೊಂದು, ಒಡಲಿಗೆ ಸೆರಗು ಕೂಡುವ ಜಾಗ. ಇಳಕಲ್ಲಿನ ನೇಕಾರರು ಒಡಲಿನ ಹಾಸಿನ ಎಳೆಗೂ (ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆ) ಸೆರಗಿನ ಹಾಸಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಒಡಲು ಹತ್ತಿ, ಸೆರಗು ರೇಷ್ಮೆ ಇಲ್ಲವೇ ಆರ್ಟ್ ಸಿಲ್ಕ್. ನೆಟ್ಟಗೆ ಹರಿದು ಬಂದ ಸೀಳು ಆ ಕೊಂಡಿಯ ಹತ್ತಿರ ದಾರಿ ತಪ್ಪುತ್ತದೆ. ಹಾಗಾಗಿ ಸೆರಗನ್ನು ಮೊದಲೇ ಬಿಡಿಸಿಕೊಳ್ಳುತ್ತೇನೆ. ತೋಪ ತೆನಿ, ಅಂದರೆ ಬಿಳಿ ತೆನೆಯಂಥ ವಿನ್ಯಾಸದ ಸೆರಗಿದ್ದರೆ ಅದನ್ನು ತುಂಡು ಮಾಡುವುದೇ ಇಲ್ಲ, ಇಡಿಯಾಗಿ ಕೌದಿಯ ನಡುವೆ ಕೂರಿಸುತ್ತೇನೆ. ಇದು ಕೈಕಸುಬಿನ ಮಾತು ಅಷ್ಟೇ ಅಲ್ಲ, ನನ್ನ ಆಸೆಯೂ ಹೌದು.

ಆದರೆ ಕೇಳುವವರಿಗೆ ಇದರಿಂದ ಸಮಾಧಾನ ಆಗುವುದಿಲ್ಲ. ಹರಿದರೇನು, ಕತ್ತರಿಸಿದರೇನು, ಸೀರೆ ಹೋಯಿತಲ್ವಾ ಅನ್ನುತ್ತಾರೆ.

ಹೋಗಿದ್ದು ನನ್ನ ಕೈಯಲ್ಲಲ್ಲ. ನನ್ನ ಹತ್ತಿರ ಬರುವ ಹೆಚ್ಚಿನ ಸೀರೆಗಳು ಟ್ರಂಕಿನಲ್ಲೇ ಹೋಗಿರುತ್ತವೆ. ಹತ್ತು-ಹದಿನೈದು ವರ್ಷ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಆ ಮಡಿಕೆಯ ಗುಂಟವೇ ಸೀಳುತ್ತದೆ. ಜರಿ ಇದ್ದರೆ ಇನ್ನೂ ಬೇಗ. ಬಿಚ್ಚಿ ಹಿಡಿದರೆ ಕಿಟಕಿಯ ಸರಳಿನಂತೆ ಬೆಳಕು ಬರುತ್ತದೆ. ತಂದವರು ಅಲ್ಲೇ ಮೊದಲ ಸಲ ಅದನ್ನು ನೋಡುತ್ತಾರೆ. “ಇಟ್ಟಾಗ ಚಲೋ ಇತ್ತರಿ” ಅನ್ನುತ್ತಾರೆ. ಇಟ್ಟಾಗ ಚಲೋನೇ ಇತ್ತು. ಆಮೇಲೆ ತೆಗೆದು ನೋಡಿದ್ದರೆ ತಾನೆ.

ಉಡಲು ಬರುವ ಸೀರೆಯನ್ನು ನಾನು ಮುಟ್ಟುವುದಿಲ್ಲ. ಉಟ್ಟುಕೊಳ್ಳಿ ಅಂತ ವಾಪಸ್ ಕಳಿಸುತ್ತೇನೆ. ಇದರಿಂದ ಗಿರಾಕಿ ಕಳೆದುಕೊಂಡಿದ್ದೇನೆ, ಇರಲಿ. ನೈಲೆಕ್ಸ್ ಸೀರೆಯನ್ನೂ ಒಲ್ಲೆ ಅನ್ನುತ್ತೇನೆ, ಜಾರುತ್ತದೆ, ಬೇಸಿಗೆಯಲ್ಲಿ ಮೈಗೆ ಅಂಟುತ್ತದೆ. ತೀರ ಹಟ ಹಿಡಿದರೆ ಅಂಗೈ ಅಗಲದ ಒಂದು ತುಂಡು ಕಾಲಿನ ಕಡೆ ಹಾಕುತ್ತೇನೆ.

ಸೀರೆ ಸವೆಯುವುದು ಎಲ್ಲ ಕಡೆ ಒಂದೇ ಸಮ ಅಲ್ಲ. ಇದನ್ನು ನನಗೆ ತೋರಿಸಿದ್ದು ನಮ್ಮವ್ವನ ಸೀರೆಗಳು. ಅವಳದ್ದು ಹದಿನೆಂಟು ಮೊಳ, ಅಂದರೆ ಒಂಬತ್ತು ಗಜದ ಸೀರೆ, ಕಚ್ಚೆ ಹಾಕಿ ಉಡುತ್ತಿದ್ದಳು. ತೀರಿಕೊಂಡ ಮರುವರ್ಷ ಅವನ್ನು ಅಂಗಳದಲ್ಲಿ ಬಿಸಿಲಿಗೆ ಹಾಸಿದೆ. ಒಂದರಲ್ಲಿ ಎಡ ಸೊಂಟಕ್ಕೆ ಬರುವ ಜಾಗ ಜಾಳುಜಾಳಾಗಿತ್ತು. ನಾವು ನಾಲ್ಕು ಮಕ್ಕಳು ಸರದಿಯ ಮೇಲೆ ಕೂತ ಸೊಂಟ ಅದು. ಸೆರಗಿನ ತುದಿಯಲ್ಲಿ ಕಂದು ಬಣ್ಣದ ಸಣ್ಣ ಸಣ್ಣ ಕಲೆಗಳು. ರೊಟ್ಟಿ ಬಡಿಯುವಾಗ ಬಿಸಿ ಹಂಚನ್ನು ಸೆರಗಿನಿಂದಲೇ ಹಿಡಿಯುತ್ತಿದ್ದಳು. ಬೈದರೂ ಕೇಳುತ್ತಿರಲಿಲ್ಲ. ಒಂದು ಮೂಲೆ ಎಷ್ಟು ಇಸ್ತ್ರಿ ಮಾಡಿದರೂ ನೆಟ್ಟಗಾಗಲಿಲ್ಲ, ಅದು ರೊಕ್ಕ ಗಂಟು ಹಾಕುವ ಮೂಲೆ. ಸಂತೆಯಿಂದ ಬಂದು ಆ ಗಂಟು ಬಿಚ್ಚಿದರೆ ನಮಗೆ ಚುರುಮುರಿಗೆ ಚಿಲ್ಲರೆ ಸಿಗುತ್ತಿತ್ತು.

ಆ ಸೀರೆ ಮಡಿಚಿ ಟ್ರಂಕಿನಲ್ಲಿದ್ದಾಗ ಇವು ಯಾವುವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಂಗುಲ ಅಂಗುಲ ಕೈಯಾಡಿಸಿ, ಯಾವ ತುಂಡು ಎಲ್ಲಿ ಅಂತ ನೋಡುವಾಗಲೇ ಕಂಡದ್ದು. ಮನಸ್ಸು ಹೇಗೆ ಬರುತ್ತದೆ ಅನ್ನುವವರಿಗೆ ನಾನು ಹೇಳಬೇಕಾದದ್ದು ಇದೇ ಇರಬೇಕು. ಸೀರೆಯನ್ನು ಪೂರ್ತಿ ನೋಡುವ ಕೆಲಸ ಹರಿಯುವ ದಿನ ಆಗುತ್ತದೆ. ಅದಕ್ಕಿಂತ ಮುಂಚೆ ಇಟ್ಟಿರುತ್ತೇವೆ, ಅಷ್ಟೇ.

ಹೀಗೆ ದೊಡ್ಡದಾಗಿ ಹೇಳುವ ನಾನೇ ನೋಡದೆ ಕೆಟ್ಟದ್ದೂ ಇದೆ.

ಕೆಲವು ವರ್ಷದ ಹಿಂದೆ ಹಾವೇರಿ ಕಡೆಯ ಒಬ್ಬ ಹೆಣ್ಣುಮಗಳು ತನ್ನ ತಾಯಿಯ ನಾಲ್ಕು ಸೀರೆ ಕೊಟ್ಟು ಹೋದಳು. ಗಟ್ಟಿ ಇದ್ದ ಭಾಗ ಆರಿಸಿಕೊಂಡೆ. ಒಂದು ಕಂದು ಸೀರೆಯಲ್ಲಿ ಅಂಗೈ ಅಗಲದ ಜಾಗಕ್ಕೆ ಯಾರೋ ಗಿಳಿಹಸಿರು ದಾರದಲ್ಲಿ ರಫು ಮಾಡಿದ್ದರು. ಬಹಳ ಒಡ್ಡೊಡ್ಡಾಗಿತ್ತು. ಕಂದಿನ ಮೇಲೆ ಹಸಿರು, ಹೊಲಿಗೆಯೂ ಅಡ್ಡಾದಿಡ್ಡಿ. ಅದನ್ನು ಹರಿದು ಪಕ್ಕಕ್ಕೆ ಎಸೆದೆ. ಕೌದಿ ಚಂದ ಬಂತು. ಅವಳು ಬಂದು ಬಿಚ್ಚಿ, ಕೈಯಾಡಿಸಿ, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದಳು.

“ಹಸರ ದಾರದ್ದು ಎಲ್ಲೈತ್ರಿ ಅಕ್ಕಾ?”

ಆ ರಫು ಮಾಡಿದ್ದು ಅವಳ ತಾಯಿಗೆ ಕಣ್ಣಿನಲ್ಲಿ ಪೊರೆ ಬಂದ ವರ್ಷ. ಬಣ್ಣ ಗೊತ್ತಾಗುತ್ತಿರಲಿಲ್ಲ. ಕಂದು ದಾರ ಅಂತ ತಿಳಿದು ಹಸಿರು ತೆಗೆದುಕೊಂಡು ಮಧ್ಯಾಹ್ನವೆಲ್ಲ ಕೂತು ರಫು ಮಾಡಿದ್ದರಂತೆ. “ಕಾಣತೈತೇನ ಮತ್ತ?” ಅಂತ ಮಗಳನ್ನು ಕೇಳಿದರಂತೆ. ಇವಳು, “ಇಲ್ಲಬೇ, ಬರೋಬ್ಬರಿ ಕೂಡೈತಿ, ಯಾರಿಗೂ ಗೊತ್ತಾಗೂದಿಲ್ಲ” ಅಂದಿದ್ದಳು. ಆಮೇಲೆ ತಾಯಿ ಆ ಸೀರೆಯನ್ನೇ ಉಟ್ಟು ಜಾತ್ರೆಗೂ ಹೋಗಿ ಬಂದರು.

ಆ ತುಂಡು ನನ್ನ ಹತ್ತಿರ ಇರಲಿಲ್ಲ. ಬೇರೆ ಮನೆಯವರ ಕೌದಿಯ ಒಳಪದರಕ್ಕೆ ಹಾಕಿಬಿಟ್ಟಿದ್ದೆ, ಅದು ಗದಗಿಗೆ ಹೋಗಿ ವಾರ ಕಳೆದಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಬೈಯಲಿಲ್ಲ. ದುಡ್ಡು ಎಣಿಸಿಕೊಟ್ಟಳು. ಅದನ್ನು ತೆಗೆದುಕೊಳ್ಳಲು ನನಗೆ ಕೈ ಬರಲಿಲ್ಲ. ಗದಗಿನ ಆ ಮನೆಯವರು ಇವತ್ತಿಗೂ ಯಾರದೋ ತಾಯಿಯ ರಫು ಹೊದ್ದು ಮಲಗುತ್ತಾರೆ, ಅವರಿಗೆ ಗೊತ್ತಿಲ್ಲ.

ಆಮೇಲಿಂದ ಒಂದೊಂದು ಮನೆಯ ಬಟ್ಟೆಗೆ ಒಂದೊಂದು ಚೀಲ. ಉಳಿದ ಚಿಂದಿ, ದಾರ, ಗುಂಡಿ ಎಲ್ಲ ಅದೇ ಚೀಲದಲ್ಲಿ ವಾಪಸ್ ಹೋಗುತ್ತದೆ. ತೇಪೆ, ರಫು, ಸುಟ್ಟ ಕಲೆ ಸಿಕ್ಕರೆ ಮೊದಲು ಫೋನ್ ಮಾಡಿ ಕೇಳುತ್ತೇನೆ. ಸಾಮಾನ್ಯವಾಗಿ ಅದಕ್ಕೊಂದು ಕಥೆ ಇದ್ದೇ ಇರುತ್ತದೆ. ಇಲ್ಲದಿದ್ದರೆ “ಅದ ಇಲಿ ಕಡದದ್ದರಿ” ಅನ್ನುತ್ತಾರೆ.

ಹೊಲಿಗೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಅದನ್ನೂ ಕೇಳುತ್ತಾರೆ. ಐದು ಅಡಿ ಅಗಲ, ಏಳು ಅಡಿ ಉದ್ದದ ಕೌದಿಗೆ ಬೆರಳಗಲಕ್ಕೊಂದು ಸಾಲು ಹಾಕಿದರೆ ಸುಮಾರು 75 ಸಾಲು. ಒಂದೊಂದು ಸಾಲು ಏಳು ಅಡಿ. ಒಟ್ಟು 500 ಅಡಿ ದಾಟುತ್ತದೆ, ಎಲ್ಲ ಕೈಯಲ್ಲೇ. ನಮ್ಮ ಮನೆಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಲು ಎಳೆಯುತ್ತಿದ್ದರು. ಹಳಿಯಾಳ, ಯಲ್ಲಾಪುರ ಕಡೆ ಇರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಅನ್ನುತ್ತಾರೆ, ಅದು ಬೇರೆ ರೀತಿ. ಅವರು ಅಂಚಿನಿಂದ ಶುರು ಮಾಡಿ ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೆ ಬಟ್ಟೆ ಮಡಿಚಿ ‘ಫುಲಾ’ ಇಡುತ್ತಾರೆ. ಆ ಮೂಲೆ ಹೂವು ಇಲ್ಲದಿದ್ದರೆ ಅವರ ಕಣ್ಣಿಗೆ ಕವಂದಿ ಬೋಳು. ನಾನೂ ಒಮ್ಮೆ ಸುತ್ತು ಹೊಲಿಗೆ ಮಾಡಲು ಹೋಗಿ ನಡುವೆ ಬಟ್ಟೆ ಉಬ್ಬಿ ಗುಡ್ಡ ಆಯಿತು. ಅವರ ಕೈ ಅವರಿಗೇ ಇರಲಿ ಅಂತ ಬಿಟ್ಟೆ.

ಹಳೆ ಕೌದಿ ದುರಸ್ತಿಗೂ ಬರುತ್ತವೆ. ಜಾಸ್ತಿ ಬರುವುದು ದಸರೆಗೆ ಮುಂಚೆ. ಘಟ ಕೂರಿಸುವ ಮೊದಲು ಮನೆಯ ಹಾಸಿಗೆ ಹೊದಿಕೆ ಎಲ್ಲ ಒಗೆಯಬೇಕಲ್ಲ, ಒಗೆಯಲು ತೆಗೆದಾಗ ಹರಿದದ್ದು ಕಾಣುತ್ತದೆ. ಗದ್ದಕ್ಕೆ ತಾಗುವ ಅಂಚು ಮೊದಲು ಹೋಗಿರುತ್ತದೆ. ಹರಿದ ತುಂಡನ್ನು ನಾನು ಕಿತ್ತು ತೆಗೆಯುವುದಿಲ್ಲ, ಅದರ ಮೇಲೆಯೇ ಹೊಸ ತ್ಯಾಪಿ ಹಚ್ಚುತ್ತೇನೆ. ಒಮ್ಮೆ ಒಂದು ಭಾರವಾದ ಕೌದಿಯ ಸೀಳಿನಲ್ಲಿ ಬೆರಳು ಹಾಕಿ ನೋಡಿದರೆ ಒಳಗೆ ಇನ್ನೊಂದು ಪೂರ್ತಿ ಕೌದಿ ಇತ್ತು. ಅದರೊಳಗೆ ಯಾರೋ ಅಜ್ಜನ ರುಮಾಲಿನ ಕೆಂಪು. ಅಲ್ಲಿಗೇ ನಿಲ್ಲಿಸಿ ಮುಚ್ಚಿ ಹೊಲಿದೆ.

ದಾರದ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಹಳೆ ಬಟ್ಟೆಗೆ ಹತ್ತಿ ದಾರವೇ ಬೇಕು. ನೈಲಾನ್ ದಾರ ಗಟ್ಟಿ ಅಂತ ಹಾಕುತ್ತಾರೆ, ಆ ಗಟ್ಟಿ ದಾರ ಸವೆದ ಬಟ್ಟೆಯನ್ನು ಕೊಯ್ಯುತ್ತದೆ. ದಾರ ಕಿತ್ತರೆ ಮತ್ತೆ ಹೊಲಿಯಬಹುದು, ಬಟ್ಟೆ ಕಿತ್ತರೆ ಎಲ್ಲಿ ಹೊಲಿಯುವುದು? ಇನ್ನೊಂದು, ಬಣ್ಣ. ಕೆಂಪು ಇಳಕಲ್ಲ ಸೀರೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡದೆ ಕೌದಿಗೆ ಹಾಕಬೇಡಿ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ನಂಬಿದ್ದೆ. ಮೊದಲ ಒಗೆತಕ್ಕೆ ನಮ್ಮ ಅಜ್ಜನ ಬಿಳಿ ಧೋತರ ಗುಲಾಬಿ ಆಯಿತು. ಬದುಕಿದ್ದರೆ ಆತ ಅದನ್ನು ಹೊದೆಯುತ್ತಿರಲಿಲ್ಲ.

ಸತ್ತವರ ಬಟ್ಟೆ ಹೊದೆಯಬಹುದೇ ಅಂತ ದನಿ ತಗ್ಗಿಸಿ ಕೇಳುವವರೂ ಇದ್ದಾರೆ. ಮನೆಯ ಹಿರಿಯರಿಗೆ ಬೇಡ ಅನಿಸಿದರೆ ಬೇಡ, ನಾನು ವಾದ ಮಾಡುವುದಿಲ್ಲ. ನಮ್ಮ ಅಜ್ಜಿ ಮಾತ್ರ, “ಉಟ್ಟಾಕಿ ನಮ್ಮಾಕಿ, ಸೀರಿ ಹೆಂಗ ಬ್ಯಾರೆ ಆಗತೈತಿ?” ಅನ್ನುತ್ತಿದ್ದಳು. ಕೊನೆಯ ಮೂಲೆ ಮುಚ್ಚುವ ಮೊದಲು ನಾಲ್ಕು ಕಾಳು ಜೋಳ ಒಳಗೆ ಹಾಕುತ್ತಿದ್ದಳು, ಕೌದಿ ಹಸಿದಿರಬಾರದಂತೆ. ನಾನೂ ಹಾಕುತ್ತೇನೆ. ಹುಳ ಹಿಡಿಯಬಾರದು ಅಂತ ಹುರಿದು ಹಾಕುತ್ತೇನೆ, ಅಜ್ಜಿಗೆ ಇದು ಗೊತ್ತಾಗಬಾರದು.

ಕೌದಿ ತಾನಾಗಿ ಏನನ್ನೂ ಹೇಳುವುದಿಲ್ಲ, ಇದನ್ನು ಗಿರಾಕಿಗಳಿಗೆ ಬಿಡಿಸಿ ಹೇಳುತ್ತೇನೆ. ಮೊಮ್ಮಗಳಿಗೆ ಗೊತ್ತಿರುತ್ತದೆ, ಅವಳ ಮಗಳಿಗೆ ಅದು ಸುಮ್ನೆ ಒಂದು ಕೆಂಪು ತುಂಡು. ಅದಕ್ಕೇ ಹಿಂಬದಿಗೆ ಗರಗದ ಬಿಳಿ ಖಾದಿಯ ಒಂದು ಚೌಕ ಹಚ್ಚುತ್ತೇನೆ. ರಾಷ್ಟ್ರಧ್ವಜದ ಬಟ್ಟೆ ನೇಯ್ದು ಹೆಸರಾದ ಊರಿನ ಖಾದಿ, ಒಗೆತಕ್ಕೆ ಬಗ್ಗುವುದಿಲ್ಲ. ಅದರ ಮೇಲೆ ಕಸೂತಿಯ ಗಾವಂತಿ ಹೊಲಿಗೆಯಲ್ಲಿ, ಅಂದರೆ ಎರಡೂ ಬದಿ ಒಂದೇ ಥರ ಕಾಣುವ ಹೊಲಿಗೆಯಲ್ಲಿ, ಹೆಸರು, ಊರು, ಇಸವಿ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲವಾದ್ದರಿಂದ ಮಲಗಿದವರಿಗೆ ಚುಚ್ಚುವುದಿಲ್ಲ. ಉದ್ದ ಕಥೆಗಳಿಗೆ ಒಂದು ನೋಟ್‌ಬುಕ್ ಜೊತೆಗೆ ಕೊಡುತ್ತೇನೆ. ಬರೆಯುವುದು ಅವರ ಕೆಲಸ. ಅರ್ಧ ಜನ ಬರೆಯುವುದಿಲ್ಲ.

ಈಗ ಮೊದಲ ಸೀಳನ್ನು ನಾನು ಎಳೆಯುವುದಿಲ್ಲ. ಕಚ್ಚು ಹಾಕಿ ಮನೆಯವರ ಕೈಗೆ ಕೊಡುತ್ತೇನೆ. ಎಪಿಎಂಸಿಯಲ್ಲಿ ಚೀಲ ಹೊರುವಂಥ ತೋಳಿನ ಒಬ್ಬ ಗಂಡಸು ಮುಖ ಆಚೆ ತಿರುಗಿಸಿಕೊಂಡು ಎಳೆದಿದ್ದ. ಚಿಕ್ಕ ಹುಡುಗರು ಖುಷಿಯಿಂದ ಪರ್ರನೆ ಎಳೆಯುತ್ತಾರೆ.

ಎರಡು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಒಬ್ಬರು ತಾಯಿಯ ಹಸಿರು ಇಳಕಲ್ಲ ಸೀರೆ ತಂದಿದ್ದರು. ಗೋಮಿ ಅನ್ನುವ ವಿನ್ಯಾಸದ ದಡಿ, ಒಂದು ತೂತೂ ಇಲ್ಲ. ಇದನ್ನ ಉಡ್ರಿ ಅಂದೆ. “ಅವ್ವನ ಸೀರಿ ಉಡಾಕ ಧೈರ್ಯ ಇಲ್ಲರಿ, ಅದಕ್ಕ ಕೌದಿ” ಅಂದರು. ಹಾಗಾದರೆ ನೀವೇ ಹರೀರಿ ಅಂತ ಕೈಗೆ ಕೊಟ್ಟೆ. ಹಿಡಿದುಕೊಂಡು ಬಹಳ ಹೊತ್ತು ಕೂತರು. ಚಹಾ ಆರಿತು. ಕೊನೆಗೆ ಸೀರೆ ಮಡಿಚಿ ಚೀಲಕ್ಕೆ ಹಾಕಿಕೊಂಡು ಹೋದರು.

ಹೋದ ತಿಂಗಳು ಅವರದೇ ಫೋನ್. ಗದಗಿಗೆ ಮದುವೆಗೆ ಹೋಗುವಾಗ ಬಸ್ಸಿನ ಸೀಟಿನ ಕಬ್ಬಿಣಕ್ಕೆ ಸಿಕ್ಕು ಮೊಣಕಾಲಿನಿಂದ ಕೆಳಗೆ ಸೀಳಿದೆಯಂತೆ. ದನಿಯಲ್ಲಿ ದುಃಖವೇನೂ ಇರಲಿಲ್ಲ. ಅವತ್ತಿನಿಂದ ಎಷ್ಟು ಸಲ ಉಟ್ಟರು, ಎಲ್ಲೆಲ್ಲಿ ಹೋದರು, ಯಾರು ಏನಂದರು ಎಲ್ಲ ಹೇಳಿದರು. ಆಮೇಲೆ, “ಈಗ ತರಲೇನ್ರಿ ಅಕ್ಕಾರ? ನೀವೇನ ಹರಿಯೂದ ಬ್ಯಾಡ, ಆಗಲೇ ಹರದೈತಿ.”