ಫಾರಂಗೆ ಸೇರಿದ ಒಂದು ಸಾಲು

ಶನಿವಾರ ಮಂಗಳೂರಿನ ಬಲ್ಮಠದಲ್ಲಿ ಇಪ್ಪತ್ತೆರಡು ಮಂದಿ ಸೇರಿದ್ದೆವು, ಹೆಚ್ಚಿನವರು ವಕೀಲರು ಮತ್ತು ಆಪ್ತ ಸಮಾಲೋಚಕರು. ಯುದ್ಧ, ಅಂತರ್ಯುದ್ಧಗಳಲ್ಲಿ ನಡೆದ ಲೈಂಗಿಕ ಹಿಂಸೆಯ ಬಗ್ಗೆ ಸತ್ಯ ಆಯೋಗಗಳು (ಹಿಂದೆ ನಡೆದ ದೌರ್ಜನ್ಯಗಳನ್ನು ನೊಂದವರಿಂದಲೇ ಕೇಳಿ ದಾಖಲಿಸಲು ರಚಿಸುವ ಸಮಿತಿಗಳು) ಹೇಳಿಕೆ ಪಡೆದ ಕ್ರಮವನ್ನು ತಿಳಿಯುವ ತರಬೇತಿ ಅದು.

ಶುರುವಾದದ್ದು ದಕ್ಷಿಣ ಆಫ್ರಿಕಾದಿಂದ. 1996ರಲ್ಲಿ, ವರ್ಣಭೇದ ಆಡಳಿತದ ಕಾಲದ ದೌರ್ಜನ್ಯಗಳನ್ನು ಕೇಳಿದ ಅಲ್ಲಿನ ಆಯೋಗದ ಮುಂದೆ ಬಂದ ಎಷ್ಟೋ ಹೆಂಗಸರು ಗಂಡನಿಗಾದದ್ದು, ಮಗನಿಗಾದದ್ದು ಹೇಳಿ, ತಮಗಾದದ್ದನ್ನು ಹೇಳದೆಯೇ ಎದ್ದು ಹೋಗುತ್ತಿದ್ದರು. ಇದು ಗಮನಕ್ಕೆ ಬಂದ ಮೇಲೆ ಹೇಳಿಕೆಯ ಫಾರಂಗೆ ಒಂದು ಸೂಚನೆ ಸೇರಿತು: ಮನೆಯವರ ಕತೆ ಹೇಳುವಾಗ ನಿಮಗೇನಾಯಿತು ಎಂದು ಹೇಳಲೂ ಮರೆಯಬೇಡಿ ಎಂಬರ್ಥದ್ದು. ಕೇಪ್‌ಟೌನ್, ಡರ್ಬನ್, ಜೊಹಾನ್ಸ್‌ಬರ್ಗ್‌ಗಳಲ್ಲಿ ಮಹಿಳೆಯರಿಗೆಂದೇ ಬೇರೆ ವಿಚಾರಣೆಗಳೂ ನಡೆದವು.

ಊಟದ ನಂತರ ಅಣಕು ಹೇಳಿಕೆ. ಮೊದಲ ಜೋಡಿಯಲ್ಲಿ ಕೇಳುವವರು ಮೂರನೇ ನಿಮಿಷಕ್ಕೇ "ಅತ್ಯಾಚಾರ ಆಯ್ತಾ ಅಮ್ಮ?" ಅಂದರು. ಎದುರಿನವರು ಇಲ್ಲವೆಂದು ತಲೆಯಾಡಿಸಿದರು. ಹಾಳೆಯಲ್ಲಿ ‘ಇಲ್ಲ’ಕ್ಕೆ ಟಿಕ್ ಬಿತ್ತು. ಕೆಲಸ ಕೆಡುವುದೇ ಇಲ್ಲಿ. ಆಕೆ ಎರಡು ತಿಂಗಳ ನಂತರ ಬಾಯಿಬಿಟ್ಟರೆ, ನಾಳೆ ಕೋರ್ಟಿನಲ್ಲಿ ಆ ಟಿಕ್ಕನ್ನೇ ತೋರಿಸಿ "ಅವತ್ತು ಇಲ್ಲ ಅಂದಿದ್ರಲ್ಲ" ಅನ್ನುತ್ತಾರೆ. ಹೌದು–ಇಲ್ಲದ ಪ್ರಶ್ನೆಯೇ ಬೇಡ. "ಅವರು ಒಳಗೆ ಬಂದ ಮೇಲೆ ಏನಾಯ್ತು?" ಎಂದು ಕೇಳಿ ಸುಮ್ಮನಿರಬೇಕು. (ಸುಮ್ಮನಿರುವುದು ವಕೀಲರಿಗೆ ಕಷ್ಟವೇ.) "ಹಾಳು ಮಾಡಿದ್ರು" ಅಂದರೆ ಅದನ್ನೇ ಬರೆಯಬೇಕು, ‘ಅತ್ಯಾಚಾರ’ ಎಂದು ತಿದ್ದಬಾರದು, ಅಷ್ಟಕ್ಕೇ ಬಿಡಲೂಬಾರದು. "ಹಾಗಂದ್ರೆ ಏನು, ನಿಮ್ಮ ಮಾತಲ್ಲೇ ಹೇಳಿ" ಎಂದು ಮುಂದೆ ಕೇಳಬೇಕು. ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳುವವರಿಗೆ ದುಭಾಷಿ ಬೇರೆ ಊರಿನವರಾದರೆ ಒಳ್ಳೆಯದು. ನೆಂಟರು, ನೆರೆಯವರು ಬೇಡವೇ ಬೇಡ.

ಪೆರುವಿನ ಆಯೋಗಕ್ಕೆ ಬಂದ ಹೇಳಿಕೆಗಳು ಹೆಚ್ಚುಕಡಿಮೆ 17,000. 2003ರ ವರದಿಯಲ್ಲಿ ದಾಖಲಾದ ಲೈಂಗಿಕ ಹಿಂಸೆಯ ಪ್ರಕರಣ 538. ನಡೆದದ್ದು ಅಷ್ಟೇ ಎಂದು ಆಯೋಗವೂ ನಂಬಲಿಲ್ಲ. ನಾಚಿಕೆ, ಭಯಗಳ ಜೊತೆಗೆ ಸುತ್ತಿ ಬಳಸಿ ಹೇಳಿದ್ದು ಎಣಿಕೆಗೆ ಸಿಗದಿರುವುದೂ ಇದಕ್ಕೆ ಕಾರಣ.

ಕೋಣೆಯದೂ ಒಂದು ಪಾಠವಾಯಿತು. ಗುಟ್ಟಿಗೆಂದು ಕಿಟಕಿ ಮುಚ್ಚಿದೆವು, ಸೆಕೆಗೆ ಫ್ಯಾನ್ ಜೋರಾಗಿ ಹಾಕಿದೆವು. ರೆಕಾರ್ಡರ್ ಕೇಳಿದರೆ ಬರೀ ಗುಂಯ್‌ ಶಬ್ದ. ಸಾಧನವನ್ನು ಮಡಚಿದ ಬಟ್ಟೆಯ ಮೇಲೆ, ಮಾತಾಡುವವರಿಂದ ಒಂದು ಮೊಳದೊಳಗೆ ಇಟ್ಟು ಫ್ಯಾನ್ ಕಮ್ಮಿ ಮಾಡಿದ ಮೇಲೆ ಸರಿಹೋಯಿತು. ಕುರ್ಚಿ ಎದುರುಬದುರು ಇಟ್ಟರೆ ಸ್ಟೇಷನ್ನಿನ ಹಾಗಾಗುತ್ತದೆ. ಓರೆಯಾಗಿರಲಿ, ಬಾಗಿಲು ಆಕೆಗೆ ಕಾಣುತ್ತಿರಲಿ.

ಸಿಯೆರಾ ಲಿಯೋನ್‌ನಲ್ಲಿ ಲೈಂಗಿಕ ಹಿಂಸೆಗೆ ಒಳಗಾದವರಿಗೆ ವಿಶೇಷ ಗಮನ ಕೊಡಬೇಕೆಂದು ಆಯೋಗವನ್ನು ರಚಿಸಿದ 2000ದ ಕಾಯ್ದೆಯಲ್ಲೇ ಇತ್ತು. ಮುಚ್ಚಿದ ಬಾಗಿಲಿನೊಳಗೆ, ಮಹಿಳಾ ಆಯುಕ್ತರ ಮುಂದೆ ಹೇಳುವ ಅವಕಾಶ ಇತ್ತು. ಬಹಿರಂಗ ವಿಚಾರಣೆಗೆ ತೂಕವಿದೆ, ನಿಜ. ಆದರೆ ಊರಿಗೆ ಮರಳಿ ಅಲ್ಲೇ ಬದುಕಬೇಕಾದವಳು ಆಕೆ. ಎಲ್ಲಿ ಹೇಳಬೇಕೆಂಬ ತೀರ್ಮಾನವೂ ಆಕೆಯದೇ.

ಕೊನೆಗೆ ಉಳಿದದ್ದು ಒಪ್ಪಿಗೆಯ ಸಹಿ. ಒಂದೇ ಸಹಿಯಲ್ಲಿ ಎಲ್ಲ ಮುಗಿಸುವ ಫಾರಂ ಅಪಾಯಕಾರಿ. ಬರೆದುಕೊಳ್ಳಲು ಒಂದು, ಹೆಸರು ಹಾಕಲು ಒಂದು, ಕೋರ್ಟಿಗೆ ಕೊಡಲು ಒಂದು, ಹೀಗೆ ಮೂರು ಬೇಕು. ಚಿಲಿಯಲ್ಲಿ, ಮಿಲಿಟರಿ ಆಡಳಿತದ ಚಿತ್ರಹಿಂಸೆಗಳನ್ನು ದಾಖಲಿಸಿದ ವಾಲೆಚ್ ಆಯೋಗದ ಹೇಳಿಕೆಗಳನ್ನು 50 ವರ್ಷ ಗುಟ್ಟಾಗಿಡಬೇಕೆಂದು ಕಾನೂನೇ ಮಾಡಿದರು. ಅದು ಸರಿಯೋ ಎಂಬ ಚರ್ಚೆ ಐದೂವರೆಗೆ ಶುರುವಾಗಿ, ವಾಚ್‌ಮನ್ ಬೀಗದ ಕೈ ಹಿಡಿದು ಬಂದಾಗಲೂ ಮುಗಿದಿರಲಿಲ್ಲ.