ಕ್ವಿಂಟಲ್ ರಾಶಿ ಅಡಿಕೆಗೆ ಮೈನಸ್ 17,536 ರೂಪಾಯಿ

ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯಲು ಸೇರಿ ನನಗೆ 18 ವರ್ಷವಾಯಿತು. ಈಗ 41ನೇ ವಯಸ್ಸಿನಲ್ಲಿ ಬಿಸಿಎ ಓದುತ್ತಿದ್ದೇನೆ. ದೂರಶಿಕ್ಷಣ, ಭಾನುವಾರ ಬೆಳಿಗ್ಗೆ ಲ್ಯಾಬ್. ಕಾರಣ ದೊಡ್ಡದೇನಲ್ಲ. ಹಮಾಲಿ ದರ ಒಂದು ರೂಪಾಯಿ ಏರಿದರೂ ನಮ್ಮ ಸಾಫ್ಟ್‌ವೇರ್ ಬದಲಿಸಲು ಬೆಂಗಳೂರಿಗೆ ಫೋನ್ ಮಾಡಬೇಕು. ಆ ಕಡೆಯ ಹುಡುಗ "ಟಿಕೆಟ್ ಹಾಕಿ ಸರ್" ಅನ್ನುತ್ತಾನೆ. ಮೊದಲ ಸಲ ಬಸ್ ಟಿಕೆಟ್ ಇರಬೇಕು ಅಂದುಕೊಂಡಿದ್ದೆ. ದೂರು ದಾಖಲಿಸಿ ಅಂತ ಅರ್ಥವಂತೆ. ಒಳಗೆ ಏನಿದೆ ಅಂತ ನಾನೇ ನೋಡಿಬಿಡೋಣ ಅನ್ನಿಸಿತು.

"ಅಪ್ಪಾ, ನಿಂಗೂ ಇಂಟರ್ನಲ್ಸ್ ಇದ್ಯಾ?" ಅಂತ ಮಗಳು ನಕ್ಕಳು. ಸಾಹುಕಾರ್ರು ಮಾತ್ರ "ಸೀಸನ್‌ನಲ್ಲಿ ರಜೆ ಕೇಳ್ಬೇಡ" ಅಂದು ಸುಮ್ಮನಾದರು.

ಲ್ಯಾಬಿನಲ್ಲಿ ಇನ್ನೂ ಟರ್ಬೋ ಸಿ, ಅಂದರೆ ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವ ಹಳೆಯ ಸಾಫ್ಟ್‌ವೇರ್. ಅದೇ ನೀಲಿ ಪರದೆ. ಸಾಲಿನ ಕೊನೆಗೆ ಹಾಕಬೇಕಾದ ಸೆಮಿಕೋಲನ್ (;) ಮರೆತು ಪಕ್ಕದ ಹುಡುಗರು ಒದ್ದಾಡುತ್ತಿದ್ದರು. ನನಗೆ ಅದು ಕಷ್ಟವೇ ಆಗಲಿಲ್ಲ. ಚೆಕ್ಕಿನಲ್ಲಿ ಮೊತ್ತ ಬರೆದು ಕೊನೆಗೆ 'ಮಾತ್ರ' ಅಂತ ಸೇರಿಸಿ ಗೆರೆ ಎಳೆಯುವ ಕೈ ಇದು, ಇದೂ ಅದೇ ಅಲ್ವಾ? ಟೈಪಿಂಗ್‌ನಲ್ಲಿ ಮಾತ್ರ ಅವರು ನಾಲ್ಕು ಸಾಲು ಮುಗಿಸುವಷ್ಟರಲ್ಲಿ ನಾನು ಬ್ರಾಕೆಟ್ ಹುಡುಕುತ್ತಿರುತ್ತೇನೆ.

ಕಳೆದ ತಿಂಗಳು ಸ್ವಂತಕ್ಕೊಂದು ಪ್ರೋಗ್ರಾಮ್ ಬರೆದೆ. ಕ್ವಿಂಟಲ್ ದರ, ಚೀಲದ ತೂಕ ಕೊಟ್ಟರೆ ರೈತನಿಗೆ ಎಷ್ಟು ಕೊಡಬೇಕು ಅಂತ ಹೇಳಬೇಕು. 65 ಕೆಜಿ ಗೊರಬಲು ಅಡಿಕೆ, ದರ 28,000. ಉತ್ತರ: ಸೊನ್ನೆ. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಸಿ ಭಾಷೆಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಚಿಲ್ಲರೆಯನ್ನು ಎಸೆದುಬಿಡುತ್ತದೆ. 65ನ್ನು 100ರಿಂದ ಭಾಗಿಸಿದರೆ ಅದಕ್ಕೆ ಸೊನ್ನೆಯೇ. 100 ಇದ್ದಲ್ಲಿ 100.0 ಅಂತ ದಶಾಂಶ ಮಾಡಿದೆ. 18,200 ಬಂತು. ಸರಿ.

ಖುಷಿಯಲ್ಲಿ ರಾಶಿ ಅನ್ನುವ ಇನ್ನೊಂದು ಬಗೆಯ ಅಡಿಕೆಯ ದರ ಹಾಕಿದೆ, 48,000. ಉತ್ತರ ಮೈನಸ್ 11,398 ರೂಪಾಯಿ 40 ಪೈಸೆ. ಅಂದರೆ ರೈತ ಚೀಲವನ್ನೂ ಇಳಿಸಿ, ನಮಗೇ ದುಡ್ಡು ಕೊಟ್ಟು ಹೋಗಬೇಕು! ಸಾಹುಕಾರ್ರಿಗೆ ತೋರಿಸಿದರೆ ಇದನ್ನೇ ಇಟ್ಟುಕೊಳ್ಳೋಣ ಅನ್ನುತ್ತಿದ್ದರೇನೋ. ದರವನ್ನಷ್ಟೇ ಪರದೆ ಮೇಲೆ ಬರೆಸಿದೆ. ಮೈನಸ್ 17,536. ಗೊರಬಲಿಗೆ ಸರಿ ಇದ್ದದ್ದು ರಾಶಿಗೆ ಯಾಕೆ ತಪ್ಪಬೇಕು?

ಲ್ಯಾಬಿನ ಮೇಡಂ ಬಂದರು. ನನಗಿಂತ ಹದಿನೈದು ವರ್ಷ ಚಿಕ್ಕವರು. "ಸರ್, ನಿಮ್ಮ ಸ್ಕೂಟರ್ ಮೀಟರು 99999 ಆದ್ಮೇಲೆ ಏನಾಗುತ್ತೆ?" ಅಂತ ಕೇಳಿದರು. ಮತ್ತೆ ಸೊನ್ನೆ. ಇಲ್ಲೂ ಹಾಗೇ. ಟರ್ಬೋ ಸಿಯಲ್ಲಿ ಪೂರ್ಣಾಂಕ ಇಡುವ 'ಇಂಟ್'ಗೆ 16 ಬಿಟ್ ಜಾಗ, ಅಂದರೆ 0 ಅಥವಾ 1 ಹಿಡಿಸುವ 16 ಮನೆ, ಒಟ್ಟು 65,536 ಸಂಖ್ಯೆಗಳಷ್ಟೇ. 32,767ರವರೆಗೆ ಏರುತ್ತದೆ, ಆಮೇಲೆ ಒಂದು ಹೆಜ್ಜೆ ಇಟ್ಟರೆ ಮೈನಸ್ 32,768ಕ್ಕೆ ಬೀಳುತ್ತದೆ. 48,000ದಿಂದ 65,536 ಕಳೆದು ನೋಡಿ, ಅದೇ 17,536 ಮೈನಸ್. ಈ ಟರ್ಬೋ ಸಿ ಮೊದಲು ಬಂದದ್ದು 1987ರಲ್ಲಿ, ಆಗ ಅಡಿಕೆಗೆ ಈ ರೇಟು ಎಲ್ಲಿತ್ತು ಬಿಡಿ.

1996ರ ಜೂನ್ 4ರಂದು ಯುರೋಪಿನ ಆರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ ಸುಮಾರು 40 ಸೆಕೆಂಡಿಗೆ ಚೂರಾದದ್ದನ್ನೂ ಮೇಡಂ ಹೇಳಿದರು. ಹಳೆಯ ಆರಿಯಾನ್ 4ರ ಪ್ರೋಗ್ರಾಮಿನ ಒಂದು ಭಾಗವನ್ನೇ ಅದಕ್ಕೂ ಹಾಕಿದ್ದರು. ಹೊಸದರ ವೇಗ ಜಾಸ್ತಿ. ಆ ದೊಡ್ಡ ಸಂಖ್ಯೆ 16 ಬಿಟ್ಟಿನ ಜಾಗದಲ್ಲಿ ಹಿಡಿಸಲಿಲ್ಲ. ನನ್ನ ರಾಶಿ ಅಡಿಕೆ ಬಿದ್ದ ಗುಂಡಿಯೇ! ಸಂಕಟದ ನಡುವೆಯೂ ಸ್ವಲ್ಪ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ.

'ಇಂಟ್' ತೆಗೆದು 'ಲಾಂಗ್' ಹಾಕಿದೆ. ಅದರಲ್ಲಿ 214 ಕೋಟಿ ಚಿಲ್ಲರೆಯವರೆಗೆ ಹಿಡಿಸುತ್ತದೆ. ನಮ್ಮ ಮಂಡಿಗೆ ಬೇಕಾದಷ್ಟಾಯಿತು ಅಂದುಕೊಂಡೆ. ಆದರೆ ಪೈಸೆ ಲೆಕ್ಕ ತಪ್ಪಬಾರದು ಅಂದರೆ ದಶಾಂಶ ಬಿಟ್ಟು ಎಲ್ಲವನ್ನೂ ಪೈಸೆಯಲ್ಲೇ ಇಡಿ ಅಂತ ಮೇಡಂ ಹೇಳಿದ್ದರು. ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು: 214 ಕೋಟಿ ಪೈಸೆ ಅಂದರೆ ಬರೀ 2 ಕೋಟಿ 14 ಲಕ್ಷ ರೂಪಾಯಿ. 450 ಕ್ವಿಂಟಲ್ ರಾಶಿ ಬಂದರೆ ಮುಗಿಯಿತು.

ಕೈ ತೊಳೆದು ಮತ್ತೆ ಲ್ಯಾಪ್‌ಟಾಪ್ ತೆಗೆದೆ.